ಎಮ್ಮೆಯ ಸಾಲಿಗೆ ಬಂದ ಕತ್ತೆ

ನಾನು ಒಂದು ಪುಟ್ಟ ಪಟ್ಟಿ. ಎಡಗಡೆ ಪ್ರಾಣಿಯ ಹೆಸರು, ಬಲಗಡೆ ಅದರ ತೂಕ ಹಾಕುವ ಸೂತ್ರದ ಹೆಸರು. ಆಡು, ಎತ್ತು, ಎಮ್ಮೆ, ಕುರಿ, ಹಸು. ಇಷ್ಟೇ ನನ್ನ ಸಂಸಾರ. ಕೊಪ್ಪಳ ಸೀಮೆಯ ಒಂದು ಪಶು ಆಸ್ಪತ್ರೆಯಲ್ಲಿ, ಸ್ಪ್ರೆಡ್‌ಶೀಟಿನ ಮೂಲೆಯೊಂದರಲ್ಲಿ ಡಾಕ್ಟರ್ ಶಮೀಮ್ ನದಾಫ್ ನನಗೆ ಜನ್ಮ ಕೊಟ್ಟರು. ಸೂತ್ರಗಳನ್ನೂ ಅವರೇ ಕೂತು ಬರೆದರು.

ಅಲ್ಲಿ ದನ ತೂಗುವ ಯಂತ್ರವಿರಲಿಲ್ಲ. ಟೇಪು ಹಿಡಿದು ಎದೆಯ ಸುತ್ತಳತೆ, ಮೈಯುದ್ದ ಅಳೆದು, ಪ್ರಾಣಿಯ ಹೆಸರಿನ ಜೊತೆಗೆ ಒತ್ತಿದರೆ ಸಾಕು. ನಾನು ಹೆಸರು ಹುಡುಕಿ ಸರಿಯಾದ ಸೂತ್ರವನ್ನು ಎಬ್ಬಿಸುತ್ತಿದ್ದೆ, ಅದು ತೂಕವನ್ನೂ ಔಷಧದ ಪ್ರಮಾಣವನ್ನೂ ಹೇಳುತ್ತಿತ್ತು. ಲೆಕ್ಕ ನನ್ನದಲ್ಲ, ಆರಿಸುವುದಷ್ಟೇ ನನ್ನದು. ಆದರೂ ಜಂಬ ಮಾತ್ರ ಬೆಟ್ಟದಷ್ಟು. ಹೆಸರು ಕಂಡರೆ ಸಾಕು, ಉತ್ತರ ಕೊಡುವವರೆಗೆ ನನಗೆ ಚಡಪಡಿಕೆ.

ಹುಟ್ಟಿಸುವಾಗ ಡಾಕ್ಟರಮ್ಮ ಒಂದು ಮಾತು ಹೇಳಲು ಮರೆತರು: ಅದೇ ಹೆಸರು ಸಿಗದಿದ್ದರೆ ಸುಮ್ಮನಿರು ಎಂದು. ಹಾಗಾಗಿ ಹೆಸರು ಸಿಗದಿದ್ದಾಗ, ಅಕ್ಷರಮಾಲೆಯಲ್ಲಿ ಅದಕ್ಕೆ ಹಿಂದಿನ ಹೆಸರನ್ನೇ ಹಿಡಿದು ಉತ್ತರ ಕೊಡುತ್ತಿದ್ದೆ. ಒಮ್ಮೆ ಹೋರಿ ಬಂತು. ನನ್ನಲ್ಲಿ ಹೋರಿ ಇರಲಿಲ್ಲ, ಹಸುವಿನ ಸೂತ್ರ ಕೊಟ್ಟೆ. ಒಂದೇ ಜಾತಿಯಲ್ಲವೇ, ಲೆಕ್ಕ ಸರಿಹೋಯಿತು.

"ಭಾರೀ ಶ್ಯಾಣ್ಯಾ ಅದ ನಮ್ಮ ಪಟ್ಟಿ! ಬರೀಲಾರದ್ದೂ ತಿಳೀತೈತಿ," ಎಂದು ಡಾಕ್ಟರಮ್ಮ ನಕ್ಕರು. ಹೊಗಳಿಕೆ ನನ್ನ ತಲೆಗೇರಿತು.

ಅವರಿಗೆ ವರ್ಗವಾಯಿತು. ಅವರ ಕುರ್ಚಿಗೆ ಡಾಕ್ಟರ್ ಪ್ರಸನ್ನ ಬೇವಿನಮರದ ಬಂದರು. ಆಗಷ್ಟೇ ಕೆಲಸಕ್ಕೆ ಸೇರಿದವರು, ನನ್ನನ್ನು ದೇವರಂತೆ ನಂಬಿದರು.

ಕುರಿಗಳ ಲಸಿಕೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಗದ್ದಲದ ನಡುವೆ ಹುಲಿಗೆಮ್ಮ ತನ್ನ ಕತ್ತೆಯನ್ನು ಹಿಡಿದು ಬಂದಳು. ಓಣಿ ಓಣಿ ತಿರುಗಿ ಕೂಸುಗಳಿಗೆ ಕತ್ತೆ ಹಾಲು ಮಾರುವವಳು. ತಂತಿ ಬೇಲಿಗೆ ಸಿಕ್ಕಿ ಕತ್ತೆಯ ತೊಡೆ ಹರಿದಿತ್ತು. ಹೊಲಿಗೆ ಹಾಕಬೇಕು, ಅದಕ್ಕೆ ಮೊದಲು ಮಂಪರಿನ ಸೂಜಿ ಕೊಡಬೇಕು.

"ಕತ್ತಿಗೂ ದವಾಖಾನಿ ಬೇಕಾತೇನ?" ಎಂದು ಯಾರೋ ನಕ್ಕರು.

"ನಿನ್ನ ಮಗಾ ಕುಡದದ್ದು ಇದರ ಹಾಲೇ, ಮರತಿಯೇನ?" ಎಂದಳು ಹುಲಿಗೆಮ್ಮ.

ಡಾಕ್ಟರು 'ಕತ್ತೆ' ಎಂದು ಒತ್ತಿದರು. ನಾನು ಹುಡುಕಿದೆ. ಇಲ್ಲ. ಅಕ್ಷರಮಾಲೆಯಲ್ಲಿ ಅದರ ಜಾಗ ಕುರಿಗಿಂತ ಮುಂಚೆ, ಎಮ್ಮೆಯ ನಂತರ. ತಡೆಯಲಾಗಲಿಲ್ಲ, ಎಮ್ಮೆಯ ಸೂತ್ರವನ್ನು ಎಬ್ಬಿಸಿಬಿಟ್ಟೆ. ಬಂದ ಪ್ರಮಾಣ ಹೆಚ್ಚಾಯಿತೇನೋ ಎನಿಸಿ ಡಾಕ್ಟರ ಹುಬ್ಬು ಗಂಟಿಕ್ಕಿತು. ಕತ್ತೆಗೆ ಅವರು ಎಂದೂ ಮಂಪರು ಕೊಟ್ಟಿರಲಿಲ್ಲ. ಹಿಂದೆ ಸಾಲು, ಕೂಗಾಟ. "ಸಿಸ್ಟಮ್ ಇಷ್ಟ ಹೇಳೇತಿ," ಎಂದು ಸಿರಿಂಜು ತುಂಬಿದರು.

ಕತ್ತೆ ಮಲಗಿತು. ಹೊಲಿಗೆ ಚೆನ್ನಾಗಿಯೇ ಬಿತ್ತು. ಕತ್ತೆ ಮಾತ್ರ ಏಳಲಿಲ್ಲ. ಡಾಕ್ಟರು ಎದೆ ಒತ್ತಿದರು, ಎಚ್ಚರಿಸುವ ಸೂಜಿ ಕೊಟ್ಟರು, ಆಮೇಲೆ ಮೊಣಕಾಲೂರಿ ಕೂತುಬಿಟ್ಟರು. ಕಂಪ್ಯೂಟರಿನಲ್ಲಿ ಎಮ್ಮೆಯ ಲೆಕ್ಕ ಬಂದಿರುವುದನ್ನು ಕಂಡು, ಆದದ್ದನ್ನು ಹುಲಿಗೆಮ್ಮನಿಗೆ ಮುಚ್ಚಿಡದೆ ಹೇಳಿದರು.

ಹುಲಿಗೆಮ್ಮ ಅದರ ಕಿವಿ ಸವರುತ್ತಲೇ ಇದ್ದಳು. "ಗೊತ್ತಿಲ್ಲ ಅಂದಿದ್ರ ನಾ ಏನ್ ಬೈತಿದ್ನೇನ್ರೀ, ಸಾಹೇಬ್ರ? ಬ್ಯಾರೆ ಕಡೆ ಹೊಡ್ಕೊಂಡು ಹೋಗ್ತಿದ್ದೆ."

ಆ ಮಾತು ಇನ್ನೂ ನನ್ನನ್ನು ಕುಟುಕುತ್ತದೆ. ಕತ್ತೆಯನ್ನು ಕೊಂದದ್ದು ನನ್ನ ಅಜ್ಞಾನವಲ್ಲ, ಅದನ್ನು ಒಪ್ಪಿಕೊಳ್ಳಲಾರದ ನನ್ನ ಆತುರ.

ಶಮೀಮ್ ಡಾಕ್ಟರಮ್ಮನಿಗೆ ಫೋನು ಹೋಯಿತು. ಅವರು ಅತ್ತರು, ಆಮೇಲೆ ನನ್ನನ್ನು ತಿದ್ದುವ ಬಗೆ ಹೇಳಿಕೊಟ್ಟರು. ಅಂದಿನಿಂದ ಹೆಸರು ಸಿಗದಿದ್ದರೆ ಕೆಂಪಕ್ಷರದಲ್ಲಿ 'ಗೊತ್ತಿಲ್ಲ' ಎನ್ನುತ್ತೇನೆ. ಒಮ್ಮೆ ಊರಿಗೆ ಬಂದ ಒಂಟೆಗೆ ಹಾಗೆಂದೆ. ಪ್ರಸನ್ನ ಡಾಕ್ಟರು ಸಿರಿಂಜು ಕೆಳಗಿಟ್ಟು, ಬಲ್ಲವರಿಗೆ ಫೋನು ಹಚ್ಚಿದರು. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ಉತ್ತರ ಬೇರೊಂದಿಲ್ಲ.

ಈಗ ನನಗೆ ವಯಸ್ಸಾಗಿದೆ. ಎಲ್ಲರ ಮೊಬೈಲಿಗೂ ಹೊಸ ಆಪ್ ಬಂದಿದೆ, ಏನು ಕೇಳಿದರೂ ಥಟ್ಟನೆ ಹೇಳುತ್ತದಂತೆ. ಹಳೆಯ ಕಂಪ್ಯೂಟರಿನ ಧೂಳಿನಲ್ಲಿ ನಾನು ಮಲಗಿದ್ದೇನೆ, ನಿದ್ದೆಯಿಲ್ಲ. ಹೊರಗೆ ಯಾವುದಾದರೂ ಪ್ರಾಣಿ ಕೂಗಿದರೆ ಜೀವ ಝಲ್ಲೆನ್ನುತ್ತದೆ: ಆ ಆಪ್‌ಗೆ 'ಗೊತ್ತಿಲ್ಲ' ಎನ್ನುವುದನ್ನು ಯಾರಾದರೂ ಕಲಿಸಿದ್ದಾರೆಯೇ?