ತಪ್ಪಿಲ್ಲದ ಉತ್ತರಪತ್ರಿಕೆ

ಹೆಬ್ಬಾಳದ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ವಾರ್ಡು ಗುಡಿಸಿ ಒರೆಸುತ್ತಿದ್ದ ದಿಲ್ಶಾದ್‌ಗೆ ಸೂಪರ್‌ವೈಸರ್ ಆಗುವ ಆಸೆ ಹುಟ್ಟಿಸಿದವಳು ರಂಜನಿಯೇ. ರಂಜನಿ ಸಂಜಯನಗರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಅವಳ ತಾಯಿ ಅದೇ ವಾರ್ಡಿನಲ್ಲಿ ಹಾಸಿಗೆ ಹಿಡಿದಿದ್ದಾಗ ದಿಲ್ಶಾದ್ ಮುಖ ಸಿಂಡರಿಸದೆ ಮಾಡಿದ ಸೇವೆಯನ್ನು ಅವಳು ಮರೆತಿರಲಿಲ್ಲ. ಆ ಹುದ್ದೆಗೆ ಇಂಗ್ಲಿಷ್ ಪರೀಕ್ಷೆ ಇದೆಯೆಂದು ತಿಳಿದಾಗ, "ನಾನು ಹೇಳ್ಕೊಡ್ತೀನಿ, ಮನೆಗೆ ಬನ್ನಿ" ಎಂದಳು.

ದಿಲ್ಶಾದ್ ಓದಿದ್ದು ಉರ್ದು ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ಡ್ಯೂಟಿ ಮುಗಿಸಿ ನೇರ ಬಂದು ಮಗಳ ಹಳೆಯ ನೋಟ್‌ಬುಕ್ ಬಿಚ್ಚುತ್ತಿದ್ದಳು. ಒಂದಕ್ಕಿಂತ ಹೆಚ್ಚಾದರೆ ಕೊನೆಗೆ ಎಸ್ ಹಾಕಬೇಕೆನ್ನುವುದು ಬೇಗ ಬಂತು. ಕಷ್ಟ ಕೊಟ್ಟದ್ದು ಎಣಿಸಲಾಗದ ಪದಗಳು.

"ಕುರ್ಚಿ ಎಣಿಸ್ಬಹುದು, ಮಂಚ ಎಣಿಸ್ಬಹುದು. ಎರಡನ್ನೂ ಸೇರಿಸಿ ಫರ್ನಿಚರ್ ಅಂದ ತಕ್ಷಣ ಎಣಿಸೋ ಹಾಗಿಲ್ಲ. ಇದ್ಯಾವ ನ್ಯಾಯ ಮೇಡಂ?"

"ನ್ಯಾಯ ಕೇಳ್ಬೇಡಿ ದಿಲ್ಶಾದ್, ಬಾಯಿಪಾಠ ಮಾಡಿ" ಎಂದು ರಂಜನಿ ನಗುತ್ತಿದ್ದಳು.

ಮೂರು ತಿಂಗಳು ಹೀಗೆ ನಡೆಯಿತು. ಸಂಜೆ ಹೊತ್ತು ಮಾಡುತ್ತಿದ್ದ ಹೊಲಿಗೆ ಕೆಲಸವನ್ನೂ ದಿಲ್ಶಾದ್ ಬಿಟ್ಟಳು. ಪರೀಕ್ಷೆ ಬರೆದು ಬಂದ ದಿನ ಅವಳ ಮುಖ ಅರಳಿತ್ತು.

ಆಯ್ಕೆಯಾದವರ ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿರಲಿಲ್ಲ.

"ಲಗೇಜಿಗೋ ಯಾವ್ದಕ್ಕೋ ಎಸ್ ಹಾಕ್ಬಿಟ್ಟೆ ಅನ್ಸುತ್ತೆ. ನೀವು ಹೋಗಿ ಸ್ವಲ್ಪ ನೋಡ್ತೀರಾ?" ಎಂದು ಕೇಳಿದಳು. ರಂಜನಿ ಹೋದಳು.

ಆಸ್ಪತ್ರೆಯ ಆಫೀಸಿನ ಹುಡುಗ ಮರ್ಯಾದೆಯಿಂದಲೇ ಉತ್ತರಪತ್ರಿಕೆ ತೆಗೆದು ತೋರಿಸಿದ. ಕೆಂಪು ಗೀಟು ಒಂದೂ ಇರಲಿಲ್ಲ. ಐವತ್ತಕ್ಕೆ ಐವತ್ತು.

"ಪರೀಕ್ಷೆಗೆ ಮುಂಚೇನೇ ರೂಲ್ ಚೇಂಜ್ ಆಯ್ತು ಮೇಡಂ, ಡಿಗ್ರಿ ಬೇಕೇ ಬೇಕು. ಅಷ್ಟು ಆಸೆಯಿಂದ ಬಂದಿದ್ರು, ಬರೀಬೇಡಿ ಅನ್ನೋಕೆ ಮನಸ್ಸು ಬರ್ಲಿಲ್ಲ."

ರಂಜನಿ ದನಿ ಏರಿಸಿ ಜಗಳವಾಡಿದಳು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಅವನ ಕೈಯಲ್ಲೂ ಏನೂ ಇರಲಿಲ್ಲ.

ಲಿಫ್ಟಿನ ಪಕ್ಕ ಮಾಪು ಹಿಡಿದು ದಿಲ್ಶಾದ್ ಕಾಯುತ್ತಿದ್ದಳು. "ಯಾವ್ದು ತಪ್ಪಾಗಿತ್ತು?"

ಸುಳ್ಳೊಂದು ರಂಜನಿಯ ನಾಲಿಗೆ ತುದಿಗೆ ಬಂತು. ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ದಿಲ್ಶಾದ್ ಮಾಪನ್ನು ಗೋಡೆಗೆ ಒರಗಿಸಿದಳು. "ಒಂದು ತಪ್ಪಾದ್ರೂ ಇರ್ಬೇಕಿತ್ತು ಮೇಡಂ. ತಿದ್ಕೊಂಡು ಇನ್ನೊಂದ್ಸಲ ಬರೀತಿದ್ದೆ."

ಪಾಠ ಮುಂದುವರಿಸೋಣ ಎಂದು ರಂಜನಿ ಹೇಳಿದ್ದರೂ ಮರುವಾರ ಅವಳು ಬರಲಿಲ್ಲ. ರಂಜನಿ ಫೋನ್ ಮಾಡಿದಾಗ ಮಗಳು ಲೈಬಾ ಎತ್ತಿಕೊಂಡು, "ಅಮ್ಮಿ ಮಲಗಿದ್ದಾರೆ ಮೇಡಂ" ಎಂದಳು. ಆಗಿನ್ನೂ ಸಂಜೆ ಆರು ಗಂಟೆ. ಹಿಂದಿನಿಂದ ದಿಲ್ಶಾದ್‌ಳ ದನಿ ಕೇಳಿಸುತ್ತಿತ್ತು, ಯಾರಿಗೋ ಬ್ಲೌಸಿನ ಅಳತೆ ಕೇಳುತ್ತಿದ್ದಳು. "ಸರಿಯಮ್ಮ, ಮಲಗ್ಲಿ" ಎಂದು ರಂಜನಿ ಫೋನ್ ಇಟ್ಟಳು. ಮತ್ತೆ ಮಾಡುವ ಧೈರ್ಯ ಅವಳಿಗೆ ಬರಲಿಲ್ಲ.