ಕುದಿಸಿದ ಎಕ್ಕಿ ಅರಳಿ

ಬನಹಟ್ಟ್ಯಾಗ ಆವತ್ತ ಮಧ್ಯಾಹ್ನ ಅಡ್ಡಮಳಿ ಹೊಡೀತು ನೋಡ್ರಿ, ರಾಜೇಶ್ವರಿ ಎದಿ ಒಡದಿದ್ದು ಆವಾಗ. ಸಿಡ್ಲಿಗಲ್ಲ, ಗಾಳಿಗಲ್ಲ. ಮಗ್ಗದ ಖೋಲಿ ಮ್ಯಾಲಿನ ತಗಡಿನ ಪತ್ರಾ ಸೋರಿ, ಮೂಲ್ಯಾಗ ಬಿದ್ದಿದ್ದ ಎರಡು ಅರಳಿ ಗಂಟಿನ ಮ್ಯಾಲ ನೀರು ಬಿತ್ತು, ಅಷ್ಟ.

ಅರಳಿ ಅಂದ್ರ ಹೊಲದಾಗ ಬೆಳ್ಯೂ ಹತ್ತಿ ಅಲ್ರಿ, ಎಕ್ಕಿ ಗಿಡದ್ದು. ಬ್ಯಾಸಗ್ಯಾಗ ಎಕ್ಕಿ ಕಾಯಿ ಒಣಗಿ ಒಡದು ಬೆಳ್ಳನ ಎಳಿ ಊರ ತುಂಬ ಹಾರಾಡ್ತಾವಲ್ಲ, ಅದು. ರಾಜೇಶ್ವರಿ ಮಗಳು ಪ್ರೀತಿ ಜಮಖಂಡಿ ಕಾಲೇಜಿನ್ಯಾಗ ಬಿಎಸ್ಸಿ ಓದ್ತಾಳ. ಆಕಿ ಮತ್ತ ಆಕಿ ಗೆಣತಿ ಸಂಘಮಿತ್ರಾ ಕೂಡಿ ಎಲ್ಲೋ ಓದಿಕೊಂಡು ಬಂದ್ರು. ಆ ಎಳಿ ಒಳಗ ಪೊಳ್ಳ ಇರ್ತೈತಂತ, ಗಾಳಿ ಹಿಡಕೊಂಡು ಥಂಡಿ ತಡೀತೈತಂತ. ಕಾಲೇಜಿನಿಂದ ಹಿಮಾಲಯಕ್ಕ ಚಾರಣ ಹೊಂಟಿತ್ತು. "ಅವ್ವಾ, ಮಲಗೂ ಚೀಲ ನೀನ ಹೊಲದು ಕೊಡು. ಒಳಗ ಎಕ್ಕಿ ಅರಳಿ ತುಂಬೂಣು. ಹಿಮದಾಗ ಮಲಗಿ ನೋಡಿ ಬಂದು ಪ್ರಾಜೆಕ್ಟ್ ಮಾಡ್ತೇವಿ," ಅಂತ ಇಬ್ರೂ ಗಂಟುಬಿದ್ರು. ಕೌದಿ ಹೊಲದು ಪಳಗಿದ ಕೈ ರಾಜೇಶ್ವರೀದು. ಎರಡು ಚೀಲ ಹೊಲದು ಕೊಟ್ಲು. ಹುಡುಗ್ಯಾರು ಅವನ್ನ ಬೆನ್ನಿಗೆ ಕಟಗೊಂಡು ಹೋಗಿ ವಾರದ ಮ್ಯಾಲಾಗಿತ್ತು.

ಉಳಿದ ಅರಳಿ ಎರಡು ಗಂಟಾಗಿ ಮೂಲ್ಯಾಗ ಬಿದ್ದಿತ್ತು. ಈಗ ನೋಡ್ತಾಳ, ಒಂದು ಗಂಟು ನೀರು ಕುಡದು ಒದ್ದಿ ಅರಿವಿಯಂಗ ಮುದ್ದಿ ಆಗೇತಿ. ಹಿಂಡಿದ್ರ ನೀರು ಇಳ್ಯಾಕತ್ತು. ಇನ್ನೊಂದರ ಮ್ಯಾಲ ಹನಿ ಹಂಗ ಕುಂತಾವ. ಝಾಡಿಸಿದ್ರ ಉದುರಿ ಬಿದ್ವು, ಒಳಗ ಕೈ ಹಾಕಿದ್ರ ಒಣಾ ಒಣಾ.

"ಇದೇನ ಶಿವನ!" ಅಂದು ಆಕಿ ಎರಡರಾಗಿಂದೂ ಒಂದೊಂದು ಚಿಟಿಕಿ ಕಿತ್ತು ಬಕೆಟ್ ನೀರಾಗ ಬಿಟ್ಲು. ಒಂದು ತೇಲ್ತು. ಬೆರಳಿನಿಂದ ಒತ್ತಿದ್ರೂ ಮತ್ತ ಮ್ಯಾಲ ಬಂತು. ಇನ್ನೊಂದು ಮುಳಗಿ ತಳಾ ಹಿಡೀತು. ಮುಳಗಿದ್ದು ಆಕಿ ಕುದಿಸಿದ ಅರಳಿ. ಪ್ರೀತಿ ಚೀಲಕ್ಕ ತುಂಬಿದ್ದು ಅದನ್ನ.

ಯಾಕ ಕುದಿಸಿದ್ಲು ಅಂತೀರೇನು? ಹೇಳ್ತೇನಿ ಕೇಳ್ರಿ. ನಮ್ಮ ಊರಾಗ ಎಕ್ಕಿ ದಟ್ಟ ಬೆಳದದ್ದು ಎಲ್ಲಿ? ಸುಡಗಾಡದಾಗ. ಹುಡುಗ್ಯಾರು ಅಲ್ಲೇ ಹೋಗಿ ಚೀಲಗಟ್ಟಲೆ ಕಿತ್ತಕೊಂಡು ಬಂದಿದ್ರು. "ಕಾಕು, ತಾ ಎಲ್ಲಿ ಬೆಳದೇನಿ ಅಂತ ಗಿಡಕ್ಕೇನ ಗೊತ್ತ್ರಿ?" ಅಂತ ಸಂಘಮಿತ್ರಾ ನಕ್ಕಿದ್ಲು. ಮೂಗಿನ ತುಂಬ ಎಳಿ ತುಂಬಿಕೊಂಡು ಪ್ರೀತೀನೂ ನಕ್ಕಿದ್ಲು. ಆದ್ರ ಹೆಣದ ಮ್ಯಾಲ ಬೆಳದ ಗಿಡದ್ದನ್ನ ಹೊಚಗೊಂಡು ತನ್ನ ಮಗಳು ಮಲಗೂದಂದ್ರ ರಾಜೇಶ್ವರಿ ಜೀವಕ್ಕ ಸಮಾಧಾನ ಆಗಲಿಲ್ಲ. ಹುಡುಗ್ಯಾರು ಕಾಲೇಜಿಗೆ ಹೋದಮ್ಯಾಲ ಹಂಡೆ ಇಟ್ಟು, ಸೋಡಾ ಹಾಕಿ, ಅರ್ಧಾ ಅರಳಿ ಕುದಿಸಿ ತಗದ್ಲು. ನೇಕಾರ ಮನಿ ಹೆಣ್ಣಮಗಳು, ಮತ್ತೇನ ಮಾಡ್ತಾಳ? ಹಸೀ ನೂಲು ನೀರಾಗ ತೇಲ್ತೈತಿ. ಸೋಡಾದಾಗ ಬೆಂದಿದ್ದು ಮುಳಗತೈತಿ. ಮುಳಗಿತಂದ್ರ ಮೈಲಿಗಿ, ಜಿಡ್ಡು ಎಲ್ಲಾ ಹೋತು, ಇನ್ನ ಬಣ್ಣಕ್ಕ ಹಾಕಬಹುದು ಅಂತ ಆಕಿ ಅತ್ತಿ ಕಲಿಸಿದ್ಲು. ಎಕ್ಕಿ ಅರಳೀನೂ ಮುಳಗಿತು. ಆಹಾ, ಎಷ್ಟ ಸ್ವಚ್ಛ ಆತು ಅಂತ ಆಕಿ ಹಿಗ್ಗಿದ್ದ ಹಿಗ್ಗಿದ್ದು. ಆ ಜಿಡ್ಡ ನೀರು ತಡ್ಯೂದು ಅಂತ ಆಕಿಗೇನ ಕನಸು ಬಿದ್ದಿತ್ತ?

ಇನ್ನೊಂದು ಚೀಲಕ್ಕ ಹಸೀ ಅರಳೀನ ತುಂಬಿದ್ಲು. ಅದು ಸಂಘಮಿತ್ರಾಂದು, ನಡೀತೈತಿ ಬಿಡು ಅಂತ. ಚೀಲ ಅದಲಬದಲ ಆಗಬಾರದಂತ ಪ್ರೀತಿ ಚೀಲದ ಬಾಯಿಗೆ ಕೆಂಪ ನೂಲಿನ ಗುರ್ತು ಬ್ಯಾರೆ ಹಾಕಿದ್ಲು.

"ಏನ್ರೀ! ಮಗ್ಗ ನಿಂದರಸ್ರಿ!" ಅಂತ ಆಕಿ ಚೀರಿದ್ಲು. ಗಂಡ ಗುರುಸಿದ್ದ ಮಗ್ಗ ಬಂದ್ ಮಾಡಿ ಓಡಿ ಬಂದ. ಎಲ್ಲಾ ಕೇಳಿ ಮೊದಲ ಬೈದ. "ನಿಂದೊಂದು ಮಡಿ! ಆವತ್ತ ನೂಲಿನ ತುಂಬ ಆ ಎಳಿ ಕುಂತು ನನ್ನ ಜೀವಾ ತಿಂದ್ವು, ಇವತ್ತ ಇದು." ಹಂಗ ಅನಕೋತ ಫೋನ್ ಹಚ್ಚಿದ. ಪ್ರೀತಿ ಫೋನ್ ಬಂದ್. ಸಂಗಡ ಹೋದ ಸರ್ ಫೋನ್ ಬಂದ್. ಕಡೀಕ ಕಾಲೇಜಿನ ಗುಮಾಸ್ತ ಎತ್ತಿದ. "ಮ್ಯಾಲ ನಿನ್ನಿಯಿಂದ ಮಳಿ, ಹಿಮ ಎರಡೂ ಐತಂತ್ರಿ. ಗುಡ್ಡದಾಗ ರೇಂಜ್ ಸಿಗೂದಿಲ್ಲ. ಕಾಳಜಿ ಮಾಡಬ್ಯಾಡ್ರಿ," ಅಂದ. ಗುರುಸಿದ್ದ ಮತ್ತ ಬೈಲಿಲ್ಲ. ಆಂವ ಮಗಳ ನಂಬರ ಮತ್ತ ಮತ್ತ ಹಚ್ಚೂದು ನೋಡಿ ರಾಜೇಶ್ವರಿಗೆ ಇನ್ನಾ ಅಂಜಿಕಿ ಆತು.

ಒದ್ದಿ ಅರಳ್ಯಾಗ ಸುತ್ತಿಕೊಂಡು, ಹಿಮದಾಗ, ಮಗಳು. ಬ್ಯಾರೆ ಏನೂ ಆಕಿ ತಲ್ಯಾಗ ಉಳೀಲಿಲ್ಲ. ಚಪ್ಪಲಿ ಸೈತ ಮೆಟ್ಟದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಗೆ ಹೊಂಟ್ಲು. ಸಂಘಮಿತ್ರಾನ ತಾಯಿ ತಾರವ್ವನ ಮನಿ ಅಲ್ಲೈತಿ. ಆಕಿಗೆ ಏನರೆ ಸುದ್ದಿ ಬಂದಿದ್ದೀತು ಅಂತ ಆಸೆ.

ತಾರವ್ವ ಅಂಗನವಾಡಿ ಕೆಲಸಾ ಮುಗಿಸಿ ಆಗ ಬಂದು ಚಹಾಕ್ಕ ಇಟ್ಟಿದ್ಲು. "ಬರ್ರಿ ಅಕ್ಕಾರ, ಇದೇನ ಹಿಂಗ ತೊಯಿಸಿಕೊಂಡು ಬಂದೀರಿ?" ಅಂತ ಟಾವೆಲ್ ಕೊಟ್ಲು. ಮಳಿ ಸುದ್ದಿ ಕೇಳಿ ಆಕಿ ಮಾರಿನೂ ಸಣ್ಣದಾತು. ಆದ್ರೂ ಇವಳಿಗೇ ಧೈರ್ಯ ಹೇಳಿದ್ಲು: "ಅಂಜಬ್ಯಾಡ್ರಿ. ನೀವು ಹೊಲದ ಚೀಲ ಅದಾವಲ್ರಿ. ನಮ್ಮ ಹುಡುಗಿ ಅದನ್ನ ಹೊಚಗೊಂಡು ಮನ್ಯಾಗ ಮಲಗಿ ಬೆವರಿ ಎದ್ದಿದ್ಲು."

ರಾಜೇಶ್ವರಿ ಚಹಾದ ಕಪ್ಪು ಹಿಡಕೊಂಡು ಕುಂತ್ಲು. ಒಳಗೊಳಗ ಮಾತ್ರ ಬೇಡಿಕೊಳ್ಳಾಕತ್ತಿದ್ಲು. ಚೀಲ ಅದಲಬದಲ ಆಗಿರ್ಲಿ ಶಿವನ. ಕೆಂಪ ನೂಲು ಕಾಣದಂಗ ಆಗಿರ್ಲಿ. ಆ ತೊಯ್ದದ್ದು ಆಕಿಗೆ ಹೋಗಿರ್ಲಿ. ಆಕಿಗೆ ಅಂದ್ರ ಯಾರಿಗೆ? ಎದುರಿಗೆ ಕುಂತು ಚಹಾ ಕೊಟ್ಟಾಕಿ ಮಗಳಿಗೆ. ಥೂ, ಏನ ಬೇಡಾಕತ್ತೇನಿ ಅಂತ ಆಕಿಗೆ ತನ್ನ ಮ್ಯಾಲನ ಅಸಹ್ಯ ಬಂತು. ಆದ್ರೂ ಬೇಡೂದು ನಿಲ್ಲಲಿಲ್ಲ.

ತಾರವ್ವನ ಫೋನ್ ಹೊಡಕೊಂತು. ಗೊತ್ತಿಲ್ಲದ ನಂಬರ. ತಾರವ್ವ ಇಬ್ರಿಗೂ ಕೇಳ್ಲಿ ಅಂತ ಸ್ಪೀಕರ್ ಹಚ್ಚಿದ್ಲು.

"ಕಾಕು, ನಾ ಪ್ರೀತಿ. ಅಂಜಬ್ಯಾಡ್ರಿ. ಸಂಘು ಈಗ ಆರಾಮ ಅದಾಳ." ಹುಡುಗಿ ಅಳಾಕತ್ತಿದ್ಲು.

ರಾಜೇಶ್ವರಿಗೆ ಮಗಳ ದನಿ ಕೇಳಿ ಹೋದ ಜೀವ ಬಂದಂಗಾತು. ತಾರವ್ವ ಫೋನ್ ಎರಡೂ ಕೈಲೆ ಹಿಡದ್ಲು. "ಈಗ ಅಂದ್ರ? ಮೊದಲೇನಾಗಿತ್ತವಾ?"

"ನಿನ್ನೆ ರಾತ್ರಿ ಟೆಂಟಿನ್ಯಾಗ ನೀರು ಬಂತ್ರಿ. ನನ್ನ ಚೀಲ ಪೂರಾ ತೊಯ್ತು, ಸಂಘೂಂದು ತೊಯ್ಲಿಲ್ಲ. ಇಬ್ರೂ ಹಿಡಸಲಿಲ್ಲ ಅದರಾಗ. ನಾ ನಡಗಾಕತ್ತಿದ್ದೆ. 'ನಿನಗ ಥಂಡಿ ತಡ್ಯೂದಿಲ್ಲ, ನನ್ನದರಾಗ ಮಲಗು' ಅಂತ ಆಕಿ ಒಣಾದ್ದು ನನಗ ಕೊಟ್ಟು, ಸ್ವೆಟರ್ ಹಾಕ್ಕೊಂಡು ಆ ತೊಯ್ದಿದ್ದರಾಗ ತಾ ಮಲಗಿದ್ಲು. ನನಗ ನಿದ್ದಿ ಹತ್ತಿಬಿಡ್ತು ಕಾಕು. ಮುಂಜಾನೆ ಎಬ್ಬಿಸಿದ್ರ ಆಕಿ ಏಳ್ಲಿಲ್ಲ. ಹೊತಗೊಂಡು ಕೆಳಗ ತಂದ್ರು. ಡಾಕ್ಟರ್ ಅದಾರ. ಈಗ ಚಹಾ ಕುಡದ್ಲು. ಕಾಲಬೆರಳಿಗೆ ಇನ್ನಾ ಸ್ಪರ್ಶ ಬಂದಿಲ್ಲ, ಬರ್ತೈತಿ ಅಂದಾರ."

ಅಷ್ಟರಾಗ ಫೋನ್ ಕಟ್ಟಾತು. ತಾರವ್ವ ಎರಡು ಸಲ ತಿರುಗಿ ಹಚ್ಚಿದ್ಲು, ಹತ್ತಲಿಲ್ಲ. ಸೆರಗಿಲೆ ಕಣ್ಣು ಒರಸಿಕೊಂಡು ಗ್ವಾಡಿಗೆ ಆತು ಕುಂತ್ಲು. ರಾಜೇಶ್ವರಿ ಇಲ್ಲಿ ಕುಂತು ಏನ ಬೇಡಿಕೊಂಡಿದ್ಲು, ಅದನ್ನ ಆ ಹುಡುಗಿ ನಿನ್ನೆ ರಾತ್ರೀನ ಯಾರೂ ಕೇಳದ ಕೊಟ್ಟು ಮುಗಿಸಿದ್ಲು.

"ಅಕ್ಕಾರ," ಅಂದ್ಲು ತಾರವ್ವ ಫೋನ್ ಬದಿಗಿಟ್ಟು, "ಎರಡಕ್ಕೂ ಒಂದ ಅರಳಿ ಹಾಕಿದ್ರಲ್ರಿ. ಒಂದು ತೊಯ್ದು ಒಂದು ಹೆಂಗ ಉಳೀತು?"

"ಪ್ರೀತೀದು ನಾ ಸೋಡಾ ಹಾಕಿ ಕುದಿಸಿದ್ದೆ. ಸುಡಗಾಡದ್ದು ಐತಿ, ಸ್ವಚ್ಛ ಆಗ್ಲಿ ಅಂತ. ಅದರಿಂದನ ಕೆಟ್ಟಿತು."

"ಹಂಗಾರ ನಮ್ಮ ಹುಡುಗೀದು ಯಾಕ ಕುದಿಸಲಿಲ್ರಿ?"

ತಾರವ್ವ ಸಿಟ್ಟಿನಿಂದ ಕೇಳಿರಲಿಲ್ಲ. ತಿಳೀಲಿಲ್ಲ, ಕೇಳಿದ್ಲು, ಅಷ್ಟ. ಸೋಡಾ ತೀರಿತ್ತು ಅನಬೇಕಂತ ರಾಜೇಶ್ವರಿ ಬಾಯಿ ತೆರದ್ಲು. ಆ ಮಾತು ನಾಲಿಗಿ ತುದಿಗೂ ಬಂದಿತ್ತು. ಗ್ವಾಡಿ ಮ್ಯಾಲ ಇಬ್ರೂ ಹುಡುಗ್ಯಾರು ಎಕ್ಕಿ ಎಳಿ ತಲಿತುಂಬ ಹಚಗೊಂಡು ನಗೂ ಫೋಟೋ ಇತ್ತು. ಆಕಿ ಕಪ್ಪು ನೆಲಕ್ಕಿಟ್ಲು.

"ಆಕಿ ನನ್ನ ಮಗಳಲ್ಲ ಅಂತ, ತಾರವ್ವಾ," ಅಂದ್ಲು.