ಎಲೆಯ ಇನ್ನೊಂದು ಬದಿ

ಟ್ರಂಕಿನ ತಳದಿಂದ ಅಮ್ಮ ಆ ಹಳೆಯ ಚಿತ್ರದ ಪುಸ್ತಕ ಹೊರಗೆ ತೆಗೆದಾಗ ಮಗಳು ಒಗೆದ ಬಟ್ಟೆ ಮಡಚುತ್ತಿದ್ದಳು. ಭಾನುವಾರ, ರಜೆ.

"ಇದನ್ನ ಪೂರ್ತಿ ಮಾಡಿಕೊಡೇ," ಎಂದು ಅಮ್ಮ ಕೊನೆಯ ಚಿತ್ರವಿದ್ದ ಹಾಳೆಯನ್ನು ತೆರೆದು ಮುಂದಿಟ್ಟಳು. "ಫ್ರೇಮ್ ಹಾಕಿಸ್ತೀನಿ."

ಹಾಳೆಯಲ್ಲಿ ಅರ್ಧ ಎಲೆಯಿತ್ತು. ನಡುವಿನ ದಿಂಡು, ಅದರ ಎಡಕ್ಕೆ ನರಗಳು, ಅಂಚಿನ ಸಣ್ಣ ಹಲ್ಲುಗಳು. ಬಲಗಡೆ ಖಾಲಿ. ಕಿಟಕಿಯ ಕುಂಡದಲ್ಲಿರುವ ಗಿಡದ ಎಲೆ ಅದು. ಎಲೆಯ ಹಿಂಬದಿ ಕೆಂಪಗಿರುವುದರಿಂದ ಅಮ್ಮ ಅದನ್ನು ಕೆಂಪು ಬೆನ್ನಿನ ಗಿಡ ಎನ್ನುತ್ತಿದ್ದಳು. ಬರೆದವನು ಮಗಳ ತಮ್ಮ. ಹತ್ತೊಂಬತ್ತು ವರ್ಷಗಳ ಹಿಂದೆ "ಬಂದು ಮುಗಿಸ್ತೀನಿ" ಎಂದು ಪೆನ್ಸಿಲ್ ಇಟ್ಟು ಸೈಕಲ್ ಹತ್ತಿದವನು ಲಾರಿಯ ಗಾಲಿಗೆ ಸಿಕ್ಕಿದ.

ಅಕ್ಕ ತಮ್ಮ ಇಬ್ಬರೂ ಅದೇ ಪುಸ್ತಕದಲ್ಲಿ ಎಲೆ, ಬಳ್ಳಿ, ಕಾಯಿ ಬರೆಯುತ್ತಿದ್ದರು. ಕೈ ಅಕ್ಕನದ್ದೇ ಚೆನ್ನಾಗಿತ್ತು. ಅವನು ಹೋದ ಮೇಲೆ ಅವಳು ಮತ್ತೆ ಬರೆಯಲಿಲ್ಲ. ದುಃಖಕ್ಕೆ ಬಿಟ್ಟಳು ಎಂದು ನೆಂಟರು ಹೇಳಿಕೊಂಡು ತಿರುಗಿದರು. ದುಃಖ ಇತ್ತು, ನಿಜ. ಆದರೆ ಪುರುಸೊತ್ತು ಇರಲಿಲ್ಲ ಎಂಬುದು ಹೆಚ್ಚು ನಿಜ. ಮೂರನೇ ತಿಂಗಳಿಗೆಲ್ಲ ಅವಳು ಬಟ್ಟೆ ಕಾರ್ಖಾನೆಯ ಕಟಿಂಗ್ ವಿಭಾಗ ಸೇರಿದ್ದಳು. ಈಗ ಅಲ್ಲಿ ಎಲ್ಲರಿಗೂ ಅವಳು ಕಟಿಂಗ್ ಅಕ್ಕ.

"ನನ್ನ ಕೈಗೆ ಕತ್ತರಿ ಬಿಟ್ಟು ಇನ್ನೇನೂ ಗೊತ್ತಿಲ್ಲಮ್ಮ ಈಗ."

"ಹೌದು ಹೌದು. ಪೆನ್ಸಿಲ್ ಮಣ ಭಾರ ಇರುತ್ತಲ್ಲ."

ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಮಗಳು ಹಾಳೆಯನ್ನು ಹುಷಾರಾಗಿ ಪುಸ್ತಕದಿಂದ ಬಿಡಿಸಿ ಮೇಜಿನ ಮೇಲಿಟ್ಟಳು.

ಕಾರ್ಖಾನೆಯಲ್ಲಿ ಅಂಗಿಯ ಬೆನ್ನನ್ನು ಯಾರೂ ಪೂರ್ತಿ ಬರೆಯುವುದಿಲ್ಲ. ಅರ್ಧ ಬರೆದು, ಕಾಗದವನ್ನು ನಡುವೆ ಮಡಚಿ, ಗೆರೆಯ ಮೇಲೆ ಹಲ್ಲಿನ ಪುಟ್ಟ ಚಕ್ರ ಉರುಳಿಸಿದರೆ ಕೆಳಗಿನ ಪದರಕ್ಕೆ ಚುಕ್ಕಿಗಳು ಇಳಿಯುತ್ತವೆ. ಬಿಚ್ಚಿದರೆ ಎರಡು ಬದಿಯೂ ಒಂದೇ. ಅವಳ ಕೈ ಅವಳನ್ನು ಕೇಳಲಿಲ್ಲ. ದಿಂಡಿನ ಗುಂಟ ಹಾಳೆಯನ್ನು ಮಡಚಿತು, ಹೆಬ್ಬೆರಳ ಉಗುರಿನಿಂದ ಒತ್ತಿ ಎಳೆಯಿತು, ಚೀಲದಿಂದ ಚಕ್ರ ತೆಗೆದು ಗೆರೆಗಳ ಮೇಲೆ ಉರುಳಿಸಿತು.

ಬಿಚ್ಚುವಾಗ ಒಣ ಸಿಪ್ಪೆ ಮುರಿದಂಥ ಸದ್ದಾಯಿತು. ಹಳದಿಗಟ್ಟಿದ ಹಾಳೆ ಎರಡು ತುಂಡಾಗಿ ಎರಡು ಕೈಗೆ ಬಂತು.

ಅಂಟಿಸುವ ಟೇಪಿಗಾಗಿ ಅವಳು ಗೂಡೆಲ್ಲ ತಡಕಾಡುತ್ತಿದ್ದಾಗ ಅಮ್ಮ ಎದ್ದು ಕುಳಿತಳು.

"ಹಾಳೆ ಹರಿದೋಯ್ತಮ್ಮ. ನಾನೇ ಮಡಚಿದೆ."

ಅಮ್ಮ ಮಗನ ಅರ್ಧವನ್ನು ತೆಗೆದುಕೊಂಡು ಕಿಟಕಿಗೆ ಹಿಡಿದಳು. ಒಂದೊಂದು ಗೆರೆಯ ಉದ್ದಕ್ಕೂ ಸೂಜಿಮೊನೆಯಷ್ಟು ಬೆಳಕು ಬರುತ್ತಿತ್ತು. ಮಗಳು ಬೈಗುಳಕ್ಕೆ ಕಾದಳು.

"ಮಡಚಿದ್ದು ಯಾಕೆ?"

"ಎರಡು ಕಡೇನೂ ಒಂದೇ ಸಮ ಬರ್ಲಿ ಅಂತ."

"ಎಲೆ ನೋಡಿದ್ಯಾ?"

"ಅವನು ಬರೆದಿದ್ದನ್ನ ನೋಡಿದೆ."

"ನಾನು ಕೇಳಿದ್ದು ಎಲೆ."

ಆ ಗಿಡದ ತುಂಡು ಮುರಿದು ನೆಟ್ಟು, ಮತ್ತೆ ಮುರಿದು ನೆಟ್ಟು, ಇಷ್ಟು ವರ್ಷ ಉಳಿಸಿಕೊಂಡು ಬಂದವಳು ಅಮ್ಮ. ಒಣಗಿದ ಎಲೆ ಕೀಳಲೂ ಯಾರನ್ನೂ ಬಿಡುತ್ತಿರಲಿಲ್ಲ. ಈಗ ಅವಳೇ ಹೋಗಿ ಒಂದು ಹಸಿ ಎಲೆಯನ್ನು ತೊಟ್ಟಿನ ಸಮೇತ ಚಿವುಟಿ ತಂದು ಮೇಜಿನ ಮೇಲಿಟ್ಟಳು.

ಎಲೆಯ ಎಡಬದಿ ಅಗಲವಾಗಿ ಹರಡಿ ತೊಟ್ಟು ಸೇರುವ ಜಾಗಕ್ಕಿಂತ ಕೆಳಗಿಳಿದಿತ್ತು. ಬಲಬದಿ ಅದರ ಅರ್ಧವೂ ಇರಲಿಲ್ಲ. ಮಗಳು ದಿನಾ ನೀರು ಹಾಕುವ ಗಿಡ. ಅವಳು ಪುಸ್ತಕ ತಿರುವಿದಳು. ನಾಲ್ಕನೇ ಹಾಳೆಯಲ್ಲಿ ಇದೇ ಎಲೆಯಿತ್ತು, ಹೀಗೇ ಓರೆಯಾಗಿ. ಕೆಳಗೆ ಹದಿನಾರು ವರ್ಷದ ಅವಳದೇ ಸಹಿ.

ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಯೊಂದನ್ನು ತೆಗೆದು ಅವಳು ಅದರ ಎಡ ಅಂಚಿಗೆ ತಾಗಿಸಿ ಎಲೆಯ ಬಲಬದಿಯನ್ನಷ್ಟೇ ಬರೆಯಲು ಕುಳಿತಳು. ಗೆರೆ ನಡುಗಿತು. ಅಳಿಸಿದಳು. ಒಂದು ನರ ಹೆಚ್ಚಾಯಿತು, ಮತ್ತೆ ಅಳಿಸಿದಳು. ಮುಗಿಯುವ ಹೊತ್ತಿಗೆ ಕಿಟಕಿಯ ಬಿಸಿಲು ಎದುರು ಮನೆಯ ಗೋಡೆ ಹತ್ತಿತ್ತು, ಕಿತ್ತ ಎಲೆ ಬಾಡಿತ್ತು. ತಮ್ಮನ ತುಂಡಿನ ಪಕ್ಕಕ್ಕೆ ತಾನು ಬರೆದ ಹಾಳೆಯನ್ನು ಒತ್ತಿ ಇಟ್ಟಳು.

"ಸೇರಲ್ಲಮ್ಮ. ಅವನ ನರ ಒಂದು ಕಡೆ, ನನ್ನದು ಇನ್ನೊಂದು ಕಡೆ."

"ಬೇರೆ ಎಲೆ ಅಲ್ವಾ, ಹೆಂಗೆ ಸೇರುತ್ತೆ." ಅಮ್ಮ ಎರಡನ್ನೂ ಬೆರಳಗಲ ದೂರ ಸರಿಸಿದಳು. "ಫ್ರೇಮಿನವನಿಗೆ ಇಷ್ಟು ಜಾಗ ಬಿಡೋಕೆ ಹೇಳು. ಅಂಟಿಸೋದು ಬೇಡ."

ಮುಂದಿನ ಭಾನುವಾರ ಮಗಳು ಪುಸ್ತಕ ಹಿಡಿದು ಕಿಟಕಿಯ ಕಡೆ ಹೊರಟಾಗ ಒಳಗಿನಿಂದ ಅಮ್ಮನ ದನಿ ಬಂತು. "ಕೀಳಬೇಡ. ಒಂದು ಕೊಟ್ಟಿದ್ದೀನಿ."

"ಕೀಳಲ್ಲಮ್ಮ."

ಅವಳು ಸ್ಟೂಲು ಎಳೆದುಕೊಂಡು ಕುಂಡದ ಪಕ್ಕ ಕುಳಿತಳು. ಪೆನ್ಸಿಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೊದಲು ಎಲೆಯನ್ನು ನೋಡತೊಡಗಿದಳು.